ಬೇಕಾದಾಗಲೇ ಕೈಕೊಡುವ ಮುಖತ್ಯಾರ ಪತ್ರ

ಅಪ್ಪ ಹಾವೇರಿ ಜಿಲ್ಲೆಯ ಕನ್ನಡ ಶಾಲೆಗಳಲ್ಲಿ ಮೂವತ್ತನಾಲ್ಕು ವರ್ಷ ಮಾಸ್ತರಿಕೆ ಮಾಡಿದವರು. ಅವರ ಅಕ್ಷರ ಮುತ್ತು ಪೋಣಿಸಿದ ಹಾಗೆ. ಅಂಥವರು ಒಂದು ದಿನ ಧಾರವಾಡದ ಬ್ಯಾಂಕೊಂದರ ಕೌಂಟರಿನ ಮುಂದೆ ನಿಂತು ಮೂರು ಸಲ ಸಹಿ ಮಾಡಿದರು. ಮೂರೂ ಮೂರು ತರ ಬಂದವು. ಕೈ ನಡುಗುತ್ತಿತ್ತು. ಹೆಸರಿನ ಕೊನೆಯ ಅಕ್ಷರ ಗೆರೆ ಬಿಟ್ಟು ಕೆಳಗೆ ಜಾರುತ್ತಿತ್ತು. ಒಳಗೆ ಕೂತಿದ್ದ ಹುಡುಗಿ ಪಾಪ, ಕಂಪ್ಯೂಟರಿನಲ್ಲಿದ್ದ ಹಳೇ ಸಹಿಯನ್ನೂ ಕೈಯಲ್ಲಿದ್ದ ಚೀಟಿಯನ್ನೂ ನೋಡಿ ನೋಡಿ, "ಮ್ಯಾಚ್ ಆಗವಲ್ದ್ರಿ ಸರ್" ಅಂದಳು. ಅಪ್ಪ ಪೆನ್ನಿನ ಟೊಪ್ಪಿಗೆ ಹಾಕಿ ಅಂಗಿ ಕಿಸೆಗೆ ಸಿಕ್ಕಿಸಿಕೊಂಡರು. ಮನೆ ಮುಟ್ಟುವವರೆಗೂ ಮಾತಾಡಲಿಲ್ಲ.

ಮುಂದಿನ ವಾರವೇ ನನ್ನ ಹೆಸರಿಗೆ ಮುಖತ್ಯಾರ ಪತ್ರ ಮಾಡಿಸಿದೆವು. ಪವರ್ ಆಫ್ ಅಟಾರ್ನಿ ಅನ್ನಿ, ಜಿಪಿಎ ಅನ್ನಿ, ನಮ್ಮ ಕಡೆ ಹಳಬರು ಹೇಳುವ ಹಾಗೆ ವಟಮುಖತ್ಯಾರ ಅನ್ನಿ, ಮೂಲ ವಿಷಯ ಒಂದೇ: 'ನನ್ನ ಬದಲು ಇವರು ಈ ಕೆಲಸ ಮಾಡಬಹುದು' ಎಂದು ಒಬ್ಬರು ಬರೆದುಕೊಡುವ ಅಧಿಕಾರ. ಸೌಹಾರ್ದ ಸೊಸೈಟಿಯಲ್ಲಿ ಇ-ಸ್ಟ್ಯಾಂಪ್ ತೆಗೆಸಿದೆವು. ಬಾಂಡ್ ರೈಟರ್ ಟೈಪ್ ಮಾಡಿಕೊಟ್ಟರು. ಇಬ್ಬರು ಸಾಕ್ಷಿ, ನೋಟರಿ ಮೊಹರು. ಅರ್ಧ ದಿನದ ಕೆಲಸ. ಇನ್ನು ಚಿಂತೆ ಇಲ್ಲ ಎಂದು ಫೈಲಿನಲ್ಲಿಟ್ಟೆವು.

ಮೂರು ವರ್ಷ ಅದು ಚೆನ್ನಾಗಿಯೇ ನಡೆಯಿತು. ನಾಲ್ಕನೇ ವರ್ಷ ಅಪ್ಪನಿಗೆ ಮರೆವು ಜಾಸ್ತಿಯಾಯಿತು. ನನ್ನನ್ನು ತೀರಿಹೋದ ಕಾಕಾನ ಹೆಸರು ಹಿಡಿದು ಕರೆಯತೊಡಗಿದರು. ಆಸ್ಪತ್ರೆ ಖರ್ಚಿಗೆ ಅವರ ಎಫ್‌ಡಿ ಮುರಿಸಬೇಕಾಗಿ ಬಂತು. ಪತ್ರ ತೆಗೆದುಕೊಂಡು ಹೋದೆ. ಮ್ಯಾನೇಜರ್ ಅದನ್ನು ಓದಿ ಒಂದೇ ಪ್ರಶ್ನೆ ಕೇಳಿದರು: "ನಿಮ್ಮ ತಂದೆಯವರಿಗೆ ಈಗ ತಿಳಿವಳಿಕೆ ಸರಿ ಐತೇನ್ರಿ?" ನಾನು ಸುಳ್ಳು ಹೇಳಲಿಲ್ಲ. ಅವರು ಪತ್ರ ಮಡಚಿ ವಾಪಸ್ ಕೊಟ್ಟರು.

ಅವತ್ತು ನನಗೆ ಸಿಟ್ಟು ಬಂದಿತ್ತು. ಆಮೇಲೆ ವಕೀಲರನ್ನು ಕೇಳಿ, ಕಾಯ್ದೆ ಓದಿ ತಿಳಿದುಕೊಂಡೆ. ಆ ಮ್ಯಾನೇಜರ್ ಮಾಡಿದ್ದು ಕಾನೂನಿನ ಪ್ರಕಾರ ಸರಿಯಾಗಿಯೇ ಇತ್ತು. ಹುಬ್ಬಳ್ಳಿ-ಧಾರವಾಡದಲ್ಲಿ, ಗದಗ-ಹಾವೇರಿಯಲ್ಲಿ ಎಷ್ಟೋ ಮನೆಗಳಲ್ಲಿ ಇಂಥದ್ದೇ ಒಂದು ಪತ್ರ ಟ್ರಂಕಿನಲ್ಲಿ ಇರುತ್ತದೆ. ಮಕ್ಕಳು ಬೆಂಗಳೂರು, ಪುಣೆಯಲ್ಲಿರುತ್ತಾರೆ. ಅಪ್ಪ-ಅವ್ವ ಹಾಸಿಗೆ ಹಿಡಿದರೆ ಈ ಪತ್ರ ಕಾಯುತ್ತದೆ ಎಂಬ ನಂಬಿಕೆ. ಆ ನಂಬಿಕೆ ಅರ್ಧ ಮಾತ್ರ ನಿಜ.

ಕೊಟ್ಟವರ ಬುದ್ಧಿಯೇ ಪತ್ರದ ಜೀವ

ಮುಖತ್ಯಾರ ಪತ್ರಕ್ಕೆ 1882ರ ಪವರ್ಸ್ ಆಫ್ ಅಟಾರ್ನಿ ಕಾಯ್ದೆ ಇದೆ. ಆದರೆ ಅದರ ಬೇರು ಇರುವುದು 1872ರ ಕರಾರು ಕಾಯ್ದೆಯಲ್ಲಿ. ಅದರ ಪ್ರಕಾರ ಪತ್ರ ಕೊಟ್ಟವರು ಯಜಮಾನರು, ತೆಗೆದುಕೊಂಡವರು ಏಜೆಂಟರು. 201ನೇ ಕಲಂ ಹೇಳುವುದು ಇಷ್ಟು: ಯಜಮಾನ ತೀರಿಕೊಂಡರೆ ಅಥವಾ ಅವರ ಬುದ್ಧಿ ಸ್ಥಿಮಿತ ತಪ್ಪಿದರೆ ಏಜೆಂಟನ ಅಧಿಕಾರ ಅಲ್ಲಿಗೆ ಮುಗಿಯಿತು. ಅಂದರೆ ಕೈ ನಡುಗಿದಾಗ, ಕಾಲು ಬಿದ್ದಾಗ, ಕಣ್ಣು ಮಂಜಾದಾಗ ಪತ್ರ ನಡೆಯುತ್ತದೆ. ಮರೆವಿನ ಕಾಯಿಲೆ ಬಲಿತು ಅಪ್ಪನಿಗೆ ಏನೂ ತಿಳಿಯದಂತೆ ಆದಾಗ, ಪಾರ್ಶ್ವವಾಯು ಹೊಡೆದು ಪ್ರಜ್ಞೆ ಇಲ್ಲದೆ ಮಲಗಿದಾಗ ನಡೆಯುವುದಿಲ್ಲ. ನಾವು ಯಾವ ದಿನಕ್ಕೆಂದು ಅದನ್ನು ಮಾಡಿಸಿರುತ್ತೇವೋ ಅದೇ ದಿನ ಅದು ಸತ್ತಿರುತ್ತದೆ.

ಯಾಕೆ ಹೀಗೆ? ಇದರ ಹಿಂದಿನ ತರ್ಕ ಕೆಟ್ಟದ್ದಲ್ಲ. ಏಜೆಂಟ್ ಅಂದರೆ ಇನ್ನೊಬ್ಬರ ಕೈ ಇದ್ದಂತೆ. ಬೇಡ ಅನಿಸಿದರೆ 'ನಿಲ್ಲಿಸು' ಅನ್ನುವ ಶಕ್ತಿ ಆ ಕೈಯ ಯಜಮಾನನಿಗೆ ಇರಬೇಕು. ಆ ಶಕ್ತಿಯೇ ಹೋದ ಮೇಲೂ ಕೈ ತನ್ನ ಪಾಡಿಗೆ ಆಸ್ತಿ ಮಾರುತ್ತಾ, ಹಣ ತೆಗೆಯುತ್ತಾ ಹೋದರೆ ತಡೆಯುವವರು ಯಾರು? ವ್ಯಾಪಾರದ ಏಜೆಂಟರನ್ನು ಕಣ್ಣ ಮುಂದಿಟ್ಟುಕೊಂಡು ಬರೆದ ಕಾಯ್ದೆಗೆ ಇದು ಸರಿಯೇ. ಎಂಬತ್ತು ದಾಟಿದ ಮಾಸ್ತರೊಬ್ಬರು ತಮ್ಮ ಮಗನ ಹೆಸರೇ ಮರೆಯುವ ಕಾಲವನ್ನು ಅದು ಯೋಚಿಸಿರಲಿಲ್ಲ.

ಬೇರೆ ಕೆಲವು ದೇಶಗಳು ಈ ತೂತು ಮುಚ್ಚಿವೆ. ಇಂಗ್ಲೆಂಡಿನಲ್ಲಿ 2005ರ ಕಾಯ್ದೆಯೊಂದು, ಬುದ್ಧಿ ಕುಂದಿದ ಮೇಲೂ ಬಾಳುವ ಮುಖತ್ಯಾರ ಪತ್ರಕ್ಕೆ ಅವಕಾಶ ಕೊಟ್ಟಿದೆ. ಬುದ್ಧಿ ಚೆನ್ನಾಗಿರುವಾಗಲೇ ಬರೆದು ಸರ್ಕಾರಿ ಕಚೇರಿಯಲ್ಲಿ ನೋಂದಾಯಿಸಬೇಕು. ಮೇಲ್ವಿಚಾರಣೆಗೆ ಅಧಿಕಾರಿಗಳಿರುತ್ತಾರೆ. ಸಿಂಗಾಪುರದಲ್ಲೂ ಇಂಥದ್ದಿದೆ. ಅಮೆರಿಕದಲ್ಲೂ ಇದೆ. ನಮ್ಮಲ್ಲಿ ಇಲ್ಲ. ಅಮೆರಿಕದಲ್ಲಿರುವ ಮಗಳು ಇಂಟರ್‌ನೆಟ್ಟಿನಲ್ಲಿ ಸಿಕ್ಕ ಅಲ್ಲಿನ ನಮೂನೆ ಕಳಿಸಿ, 'ನನಗೆ ಬುದ್ಧಿಭ್ರಮೆಯಾದರೂ ಈ ಪತ್ರ ಊರ್ಜಿತ' ಎಂಬ ಸಾಲು ಹಾಕಿಸಿದರೂ, ಆ ಸಾಲಿನ ಬಲದ ಮೇಲೆ ಇಲ್ಲಿನ ಬ್ಯಾಂಕು ಹಣ ಬಿಡುತ್ತದೆ ಎಂದು ನಂಬಿ ಕೂರಬೇಡಿ.

202ನೇ ಕಲಮಿನಲ್ಲಿ ಒಂದು ವಿನಾಯಿತಿ ಇದೆ. ಏಜೆಂಟನಿಗೆ ಆ ಆಸ್ತಿಯಲ್ಲೇ ಸ್ವಂತ ಹಿತ ಇದ್ದರೆ ಅಧಿಕಾರ ಹಾಗೆ ಮುಗಿಯುವುದಿಲ್ಲ. ಕೆಲವರು ಇದನ್ನೇ ಹಿಡಿದು, "ನಿಮಗೂ ಇದರಲ್ಲಿ ಹಿತ ಐತಿ ಅಂತ ಬರದು ಬಿಡೂಣು" ಎಂದು ಸಲಹೆ ಕೊಡುತ್ತಾರೆ. ಮಗ ಅನ್ನುವುದಷ್ಟೇ ಆ ತರದ ಹಿತ ಅಲ್ಲ. ಕೊಟ್ಟ ಸಾಲಕ್ಕೆ ಆಧಾರವಾಗಿ ಪಡೆದ ಅಧಿಕಾರದಂಥ ಗಟ್ಟಿ ಸಂಗತಿ ಇರಬೇಕು. ಸುಮ್ನೆ ಬರೆಸಿದ ಸಾಲು ಮುಂದೆ ಒಡಹುಟ್ಟಿದವರ ನಡುವೆ ಕೋರ್ಟು ಕೇಸಿಗೆ ದಾರಿ ಮಾಡುತ್ತದೆ, ಅಷ್ಟೇ.

ಅಪ್ಪನಿಗೆ ಬುದ್ಧಿ ಸರಿ ಇಲ್ಲ ಎಂದು ಗೊತ್ತಿದ್ದೂ, ಬ್ಯಾಂಕಿಗೆ ತಿಳಿಸದೆ ಹಳೇ ಪತ್ರ ತೋರಿಸಿ ಕೆಲಸ ಮುಗಿಸುವವರು ಬಹಳ ಇದ್ದಾರೆ. ಹೆಚ್ಚಿನವರದು ಕೆಟ್ಟ ಉದ್ದೇಶವಲ್ಲ. ಔಷಧಿಗೆ ದುಡ್ಡು ಬೇಕು, ಅಷ್ಟೇ. ಆದರೆ ಅಧಿಕಾರ ಮುಗಿದದ್ದು ನಿಮಗೆ ಗೊತ್ತಾದ ಕ್ಷಣದಿಂದ ನೀವು ಮಾಡುವ ವ್ಯವಹಾರಕ್ಕೆ ನೀವೇ ಹೊಣೆ. ಅದೇ ಕಾಯ್ದೆಯ 209ನೇ ಕಲಂ ಇನ್ನೊಂದು ಮಾತನ್ನೂ ಹೇಳುತ್ತದೆ: ಯಜಮಾನನ ಬುದ್ಧಿ ತಪ್ಪಿ ಏಜೆನ್ಸಿ ಮುಗಿದರೂ, ಏಜೆಂಟ್ ತನ್ನ ವಶದಲ್ಲಿರುವುದನ್ನು ಕಾಪಾಡಲು ಬೇಕಾದ ಕ್ರಮ ತೆಗೆದುಕೊಳ್ಳಬೇಕು. ಅಂದರೆ ಹೊಲವನ್ನು ಪಾಳು ಬಿಟ್ಟು, ಬಾಡಿಗೆ ವಸೂಲಿ ಬಿಟ್ಟು ಕೈ ತೊಳೆದುಕೊಂಡು ಕೂರುವ ಹಾಗಿಲ್ಲ. ಕಾಪಾಡಬಹುದು. ಮಾರುವ ಹಾಗಿಲ್ಲ.

ಮರೆವು ಬಂದ ಕೂಡಲೇ ಎಲ್ಲ ಮುಗಿಯಿತೇ?

ಇಲ್ಲ. ಬಹಳ ಮನೆಗಳು ಇಲ್ಲೇ ಎಡವುತ್ತವೆ. ಡಾಕ್ಟರ್ ಡಿಮೆನ್ಷಿಯಾ ಅಂದ ಕೂಡಲೇ, ಇನ್ನು ಇವರ ಸಹಿಗೆ ಬೆಲೆ ಇಲ್ಲ ಎಂದು ಕೈಚೆಲ್ಲುತ್ತಾರೆ. ಕರಾರು ಕಾಯ್ದೆಯ 12ನೇ ಕಲಂ ನೋಡುವುದು ಕಾಯಿಲೆಯ ಹೆಸರನ್ನಲ್ಲ. ಸಹಿ ಮಾಡುವ ಆ ಹೊತ್ತಿನಲ್ಲಿ, ತಾನು ಏನು ಮಾಡುತ್ತಿದ್ದೇನೆ, ಅದರಿಂದ ತನಗೆ ಏನಾಗುತ್ತದೆ ಎಂಬುದು ಅವರಿಗೆ ತಿಳಿಯುತ್ತದೆಯೇ? ಅದೇ ಮುಖ್ಯ. ಬುದ್ಧಿ ಆಗಾಗ ತಪ್ಪುವವರೂ ನೆಟ್ಟಗಿರುವ ಹೊತ್ತಿನಲ್ಲಿ ಮಾಡಿದ ಕರಾರು ಊರ್ಜಿತ ಎಂದು ಕಾಯ್ದೆಯೇ ಹೇಳುತ್ತದೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಇದಕ್ಕೆ ಇನ್ನಷ್ಟು ಬಲ ಕೊಟ್ಟಿದೆ. ಮಾನಸಿಕ ಕಾಯಿಲೆ ಇದೆ ಎಂಬ ಒಂದೇ ಕಾರಣಕ್ಕೆ ಯಾರನ್ನೂ ಬುದ್ಧಿ ಸರಿ ಇಲ್ಲದವರು ಎಂದುಕೊಳ್ಳುವಂತಿಲ್ಲ. ಅದನ್ನು ಕೋರ್ಟ್ ಘೋಷಿಸಬೇಕು.

2023ರಲ್ಲಿ ಪ್ರಕಟವಾದ ದೇಶವ್ಯಾಪಿ ಅಧ್ಯಯನವೊಂದರ ಅಂದಾಜಿನಂತೆ ಭಾರತದಲ್ಲಿ 60 ದಾಟಿದವರಲ್ಲಿ ಶೇ. 7.4ರಷ್ಟು ಜನರಿಗೆ, ಅಂದರೆ ಸುಮಾರು 88 ಲಕ್ಷ ಜನರಿಗೆ ಡಿಮೆನ್ಷಿಯಾ ಇದೆ. ಅವರೆಲ್ಲರಿಗೂ ಅದು ಒಂದೇ ರಾತ್ರಿಯಲ್ಲಿ ಬಂದದ್ದಲ್ಲ. ಮೊದಮೊದಲ ಒಂದೆರಡು ವರ್ಷ ಬೆಳಗಿನ ಹೊತ್ತು ಮಾತು ನೆಟ್ಟಗೆ ಇರುತ್ತದೆ, ಸಂಜೆ ತಪ್ಪುತ್ತದೆ. ಆ ಬೆಳಗುಗಳು ಇರುವಾಗಲೇ ಕಾಗದದ ಕೆಲಸ ಆಗಬೇಕು. ನಮ್ಮಲ್ಲಿ ಧಾರವಾಡದ ಡಿಮ್ಹಾನ್ಸ್‌ನಂಥ ಮಾನಸಿಕ ಆರೋಗ್ಯ ಸಂಸ್ಥೆ ಇದೆ. ಮನೋವೈದ್ಯರಿಂದ ಅಥವಾ ನರರೋಗ ತಜ್ಞರಿಂದ, 'ಇವತ್ತು ಇವರಿಗೆ ಈ ಪತ್ರದ ಅರ್ಥ ತಿಳಿಯುತ್ತದೆ' ಎಂದು ಅದೇ ದಿನಾಂಕದ ಸರ್ಟಿಫಿಕೇಟ್ ಪಡೆದು ಪತ್ರದ ಜೊತೆ ಇಟ್ಟರೆ, ಹತ್ತು ವರ್ಷದ ನಂತರ ಯಾರಾದರೂ ತಕರಾರು ತೆಗೆದಾಗ ಅದೇ ಕಾಯುತ್ತದೆ.

ಬೆಟಗೇರಿಯ ಅತ್ತಿಯ ಹೆಬ್ಬೆಟ್ಟು

ನನ್ನ ಸೋದರತ್ತೆ ಗದಗ-ಬೆಟಗೇರಿಯವರು. ನೇಕಾರರ ಮನೆ. ವಯಸ್ಸು ಎಪ್ಪತ್ತೆಂಟು, ಸೊಂಟ ಮುರಿದು ಮಂಚ ಹಿಡಿದಿದ್ದಾರೆ. ಬುದ್ಧಿ ಮಾತ್ರ ಬಹಳ ಚುರುಕು. ಮಗ ಬೆಂಗಳೂರಿನಲ್ಲಿ. ನಮ್ಮ ಮನೆಯ ಅನುಭವ ಕೇಳಿ, ಅವನು ನೋಟರಿ ಪತ್ರ ಬಿಟ್ಟು ನೋಂದಣಿಯ ದಾರಿಯನ್ನೇ ಹಿಡಿದ.

ಸಬ್ ರಜಿಸ್ಟ್ರಾರ್ ಕಚೇರಿಯ ಮೆಟ್ಟಿಲು ಹತ್ತಲು ಆಗದವರಿಗೆ 1908ರ ನೋಂದಣಿ ಕಾಯ್ದೆಯಲ್ಲಿ ದಾರಿ ಇದೆ. ಅಧಿಕಾರಿ ಮನೆಗೇ ಬರಬಹುದು. ಅರ್ಜಿ, ಡಾಕ್ಟರ ಸರ್ಟಿಫಿಕೇಟ್, ಬೇರೆ ಶುಲ್ಕ ಬೇಕು. ಇದು ಎಷ್ಟೋ ಜನಕ್ಕೆ ಗೊತ್ತೇ ಇಲ್ಲ. ಅಜ್ಜ-ಅಜ್ಜಿಯರನ್ನು ಕುರ್ಚಿ ಸಮೇತ ಎತ್ತಿಕೊಂಡು ಕಚೇರಿಗೆ ಬರುವವರನ್ನು ನಾನೇ ನೋಡಿದ್ದೇನೆ. ನೋಡುವುದಕ್ಕೆ ಸಂಕಟವಾಗುತ್ತದೆ.

ಅವತ್ತು ನಾನೂ ಅಲ್ಲಿದ್ದೆ. ಅತ್ತಿಯನ್ನು ದಿಂಬಿಗೆ ಒರಗಿಸಿ ಕೂರಿಸಿದ್ದರು. ಫೋಟೊ ತೆಗೆದರು. ಹೆಬ್ಬೆಟ್ಟು ಇಡುವ ಯಂತ್ರ ಬಂತು. ಐವತ್ತು ವರ್ಷ ನೂಲು ಹಿಡಿದ ಬೆರಳು. ಗೆರೆ ಸವೆದು ನುಣ್ಣಗಾಗಿತ್ತು. ಮೂರು ಸಲ ಒತ್ತಿದರೂ ಯಂತ್ರ ಹಿಡಿಯಲಿಲ್ಲ. ಸೊಸೆ ಒದ್ದೆ ಅರಿವೆಯಿಂದ ಬೆರಳು ಒರೆಸಿ ಒರೆಸಿ ಕೊಟ್ಟಳು. ನಾಲ್ಕನೇ ಸಲ ಬಂತು. ಆಮೇಲೆ ಅಧಿಕಾರಿ ಕೇಳಿದರು, "ಅಮ್ಮಾ, ಇದರಾಗ ಏನ್ ಬರದೈತಿ ಗೊತ್ತೈತೇನ್ರಿ? ನಿಮ್ಮ ಒಪ್ಪಿಗಿ ಐತೇನ್ರಿ?"

ಅತ್ತಿ ತಡ ಮಾಡಲಿಲ್ಲ. "ಮನಿ ಮಾರಾಕ ಕೊಟ್ಟಿಲ್ರಿ ನಾ. ಪಟ್ಟಿ ತುಂಬಾಕ, ಕರೆಂಟ್ ಬಿಲ್ ತುಂಬಾಕ, ಬಾಡಿಗಿ ಇಸ್ಗೊಳ್ಳಾಕ, ಬ್ಯಾಂಕಿನ್ಯಾಗ ನನ್ನ ರೊಕ್ಕ ತಗ್ಯಾಕ ಕೊಟ್ಟೀನಿ. ಅಷ್ಟ."

ಮಗ ಪಕ್ಕದಲ್ಲೇ ನಿಂತಿದ್ದ. ಯಾರಿಗೂ ಬೇಸರ ಆಗಲಿಲ್ಲ. ಒಳ್ಳೆಯ ಮುಖತ್ಯಾರ ಪತ್ರ ಹೇಗಿರಬೇಕು ಎಂದು ಯಾರಾದರೂ ಕೇಳಿದರೆ ನಾನು ಆ ಮಾತನ್ನೇ ಹೇಳುತ್ತೇನೆ. ಕೊಟ್ಟವರ ಬಾಯಲ್ಲಿ ಅದು ಹೀಗೆ ಸಲೀಸಾಗಿ ಬರಬೇಕು.

ನಮ್ಮ ಊರುಗಳಲ್ಲಿ ಸಿಗುವ ಸಿದ್ಧ ನಮೂನೆಗಳು ಇದಕ್ಕೆ ಪೂರಾ ಉಲ್ಟಾ. 'ಮಾರುವ, ಒತ್ತೆ ಇಡುವ, ಭೋಗ್ಯಕ್ಕೆ ಹಾಕುವ, ದಾನ ಕೊಡುವ, ಕೋರ್ಟಿನಲ್ಲಿ ರಾಜಿಯಾಗುವ' ಎಂದು ಇರುವ ಅಧಿಕಾರವನ್ನೆಲ್ಲ ಒಂದೇ ಉಸಿರಿನಲ್ಲಿ ಬರೆದಿರುತ್ತಾರೆ. ನಮ್ಮ ಅಪ್ಪನದೂ ಹಾಗೇ ಇತ್ತು. ಪಿಂಚಣಿ ತೆಗೆಯುವುದಕ್ಕೆ ಹೊಲ ಮಾರುವ ಅಧಿಕಾರ ಯಾಕೆ ಬೇಕಿತ್ತು? ನಾವು ಕೇಳಲೂ ಇಲ್ಲ, ಅವರು ಹೇಳಲೂ ಇಲ್ಲ. ಯಾವ ಬ್ಯಾಂಕು, ಯಾವ ಖಾತೆ ನಂಬರ್, ಯಾವ ಸರ್ವೆ ನಂಬರ್ ಹೊಲ, ಯಾವ ಉತಾರದ ಮನೆ ಎಂದು ಹೆಸರಿಸಿ ಬರೆಸಿ. ತಿಂಗಳಿಗೆ ಇಷ್ಟೇ ಹಣ ಎಂಬ ಮಿತಿಯನ್ನೂ ಹಾಕಬಹುದು. ಲೆಕ್ಕ ಬರೆದಿಟ್ಟು ಉಳಿದ ಮಕ್ಕಳಿಗೂ ತೋರಿಸಬೇಕು ಎಂದು ಸೇರಿಸಬಹುದು. ಹಾವೇರಿ ಕಡೆ ರೈತರ ಮನೆಯಾದರೆ ಸೊಸೈಟಿಯ ಬೆಳೆಸಾಲ ನವೀಕರಣ, ಬೆಳೆವಿಮೆ, ಮಾರುಕಟ್ಟೆಯಲ್ಲಿ ಮಾರಿದ ಬೆಳೆಯ ಹಣ ಇಸಿದುಕೊಳ್ಳುವುದು, ಇಷ್ಟು ಬರೆದರೆ ಸಾಕಲ್ವಾ? ಬ್ಯಾಂಕಿಗೆ ಬೇಕಾದ್ದು ಬ್ಯಾಂಕಿನ ನಮೂನೆಯಲ್ಲೇ ಇದ್ದರೆ ಕೆಲಸ ಬೇಗ ಆಗುತ್ತದೆ. ಪತ್ರ ಟೈಪ್ ಮಾಡಿಸುವ ಮೊದಲೇ ಶಾಖೆಗೆ ಹೋಗಿ ಕೇಳಿ.

ಪತ್ರ ಇಂಗ್ಲಿಷಿನಲ್ಲಿದ್ದರೆ ಕನ್ನಡದಲ್ಲಿ ಓದಿ ಹೇಳಿಸಿ. 'ಕನ್ನಡದಲ್ಲಿ ಓದಿ ಹೇಳಲಾಗಿದೆ, ಅರ್ಥ ಮಾಡಿಕೊಂಡು ಹೆಬ್ಬೆಟ್ಟು ಒತ್ತಿದ್ದಾರೆ' ಎಂಬ ಸಾಲು ಕೊನೆಯಲ್ಲಿ ಇರಲಿ. ಸಾಕ್ಷಿಗಳು ಆ ಪತ್ರದಿಂದ ಲಾಭ ಇಲ್ಲದವರಾಗಿರಲಿ.

ಖರ್ಚಿನ ಬಗ್ಗೆ ಒಂದು ಮಾತು. ಕರ್ನಾಟಕದಲ್ಲಿ ಮುದ್ರಾಂಕ ಶುಲ್ಕ ಯಾರಿಗೆ, ಯಾವ ಅಧಿಕಾರ ಕೊಡುತ್ತೀರಿ ಎಂಬುದರ ಮೇಲೆ ನಿಂತಿದೆ. ತಂದೆ-ತಾಯಿ, ಗಂಡ-ಹೆಂಡತಿ, ಮಕ್ಕಳು, ಒಡಹುಟ್ಟಿದವರನ್ನು ಬಿಟ್ಟು ಬೇರೆಯವರಿಗೆ ಸ್ಥಿರಾಸ್ತಿ ಮಾರುವ ಅಧಿಕಾರ ಕೊಟ್ಟರೆ ಆಸ್ತಿಯ ಮಾರುಕಟ್ಟೆ ಬೆಲೆಯ ಮೇಲೆ ಶುಲ್ಕ ಬೀಳುತ್ತದೆ. ಅಳಿಯ, ಸೋದರಳಿಯ ಇಬ್ಬರೂ ಆ ಪಟ್ಟಿಯಲ್ಲಿಲ್ಲ. ಮಕ್ಕಳಿಲ್ಲದ ಹಿರಿಯರು ಇದನ್ನು ಮೊದಲೇ ಕೇಳಿಕೊಳ್ಳಬೇಕು.

ಇನ್ನು ಜಿಪಿಎ ಮೇಲೆ ಮನೆ, ಪ್ಲಾಟು ಕೊಂಡೆವು ಎನ್ನುವವರ ವಿಷಯ. 2011ರಲ್ಲಿ ಸೂರಜ್ ಲ್ಯಾಂಪ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದಕ್ಕೆ ತೆರೆ ಎಳೆಯಿತು. ಮುಖತ್ಯಾರ ಪತ್ರದಿಂದ ಆಸ್ತಿಯ ಒಡೆತನ ಬದಲಾಗುವುದಿಲ್ಲ. ಹಾಗೆಯೇ ಅಪ್ಪ ಕೊಟ್ಟ ಪತ್ರದಿಂದ ಪಿತ್ರಾರ್ಜಿತ ಆಸ್ತಿಯಲ್ಲಿರುವ ಹೆಣ್ಣುಮಕ್ಕಳ ಪಾಲು ಮುಳುಗುವುದಿಲ್ಲ. ಹಿಂದೂ ಉತ್ತರಾಧಿಕಾರ ಕಾಯ್ದೆಗೆ ಬಂದ 2005ರ ತಿದ್ದುಪಡಿ ಅವರಿಗೆ ಗಂಡುಮಕ್ಕಳಷ್ಟೇ ಹಕ್ಕು ಕೊಟ್ಟಿದೆ. 2020ರಲ್ಲಿ ಸುಪ್ರೀಂ ಕೋರ್ಟ್ ಆ ಹಕ್ಕು ಹುಟ್ಟಿನಿಂದಲೇ ಬರುತ್ತದೆ ಎಂದು ಸ್ಪಷ್ಟ ಮಾಡಿದೆ.

ಒಂದೇ ಪತ್ರಕ್ಕೆ ಎಲ್ಲ ಭಾರ ಹೊರಿಸಬೇಡಿ

ನಮ್ಮ ತಪ್ಪು ಅದೇ ಆಗಿತ್ತು. ಅಪ್ಪನ ಉಳಿತಾಯ ಖಾತೆಯನ್ನು ಮೊದಲೇ ಅವ್ವನ ಜೊತೆ ಜಂಟಿ ಮಾಡಿ, 'ಇಬ್ಬರಲ್ಲಿ ಒಬ್ಬರು ಅಥವಾ ಉಳಿದವರು' ಎಂಬ ಷರತ್ತು ಹಾಕಿಸಿದ್ದರೆ ದಿನದ ಖರ್ಚು ನಿಲ್ಲುತ್ತಿರಲಿಲ್ಲ. ಎಫ್‌ಡಿಗೂ ಅದೇ ಷರತ್ತು ಹಾಕಿಸಿ, ಅವಧಿಗೆ ಮುಂಚೆ ಒಬ್ಬರೇ ಮುರಿಸಬಹುದು ಎಂದು ಒಪ್ಪಿಗೆ ಬರೆದುಕೊಟ್ಟಿರಬೇಕು. ಸಣ್ಣ ಫಾರ್ಮು. ಬುದ್ಧಿ ಚೆನ್ನಾಗಿರುವಾಗ ಹತ್ತು ನಿಮಿಷದ ಕೆಲಸ.

ಕೈ ನಡುಗುವವರಿಗೆ ರಿಸರ್ವ್ ಬ್ಯಾಂಕಿನ ಸೂಚನೆ ಹಳೆಯದೇ ಇದೆ. ಸಹಿ ಬಾರದಿದ್ದರೆ ಹೆಬ್ಬೆಟ್ಟು, ಅದೂ ಆಗದಿದ್ದರೆ ಕಾಲಿನ ಬೆರಳ ಗುರುತು. ಬ್ಯಾಂಕಿಗೆ ಗೊತ್ತಿರುವ ಇಬ್ಬರು ಸಾಕ್ಷಿ, ಅವರಲ್ಲಿ ಒಬ್ಬರು ಬ್ಯಾಂಕಿನ ಅಧಿಕಾರಿಯೇ ಆಗಿರಬೇಕು. 70 ದಾಟಿದವರಿಗೆ ಮನೆಬಾಗಿಲಿಗೇ ಬ್ಯಾಂಕ್ ಸೇವೆ ಕೊಡಬೇಕು ಎಂದೂ ರಿಸರ್ವ್ ಬ್ಯಾಂಕ್ 2017ರಲ್ಲಿ ಹೇಳಿದೆ. ಅಪ್ಪ ಮೂರು ಸಲ ಸಹಿ ಮಾಡಿದ ದಿನ ಈ ಮಾತು ನನಗೆ ಗೊತ್ತಿದ್ದಿದ್ದರೆ ಅವರನ್ನು ಆ ಕೌಂಟರಿನ ಮುಂದೆ ಅಷ್ಟು ಹೊತ್ತು ನಿಲ್ಲಿಸುತ್ತಿರಲಿಲ್ಲ. ಪಿಂಚಣಿಯ ಜೀವನ ಪ್ರಮಾಣ ಪತ್ರಕ್ಕೂ ಈಗ ಮೊಬೈಲಿನಲ್ಲಿ ಮುಖ ತೋರಿಸಿದರೆ ಆಗುತ್ತದೆ. ಬೆರಳ ಗೆರೆ ಸವೆದವರಿಗೆ ಅದೇ ಸಲೀಸು.

ನಾಮಿನಿ ಹಾಕಿಸಿ. 2025ರ ನವೆಂಬರ್ 1ರಿಂದ ಬ್ಯಾಂಕ್ ಖಾತೆಗೆ ನಾಲ್ವರನ್ನು ನಾಮಿನಿ ಮಾಡಬಹುದು. ಆದರೆ ನಾಮಿನಿಗೆ ಕೆಲಸ ಬರುವುದು ಖಾತೆದಾರರು ತೀರಿಕೊಂಡ ಮೇಲೆ. ಬದುಕಿರುವಾಗ ಅವರಿಗೆ ಯಾವ ಅಧಿಕಾರವೂ ಇಲ್ಲ. ತೀರಿಕೊಂಡ ಮೇಲೂ ಅವರು ಹಣ ಪಡೆದು ವಾರಸುದಾರರಿಗೆ ಮುಟ್ಟಿಸುವವರು, ಮಾಲೀಕರಲ್ಲ. ಯಾರಿಗೆ ಏನು ಸೇರಬೇಕು ಎಂಬುದಕ್ಕೆ ಮೃತ್ಯುಪತ್ರ, ಅಂದರೆ ವಿಲ್ ಬೇಕು. ಅದಕ್ಕೆ ಸ್ಟ್ಯಾಂಪ್ ಬೇಡ, ಇಬ್ಬರು ಸಾಕ್ಷಿ ಸಾಕು, ನೋಂದಣಿ ಕಡ್ಡಾಯವಲ್ಲ. ಮುಖತ್ಯಾರ ಪತ್ರ ಹಿಡಿದವರು ಯಜಮಾನರ ಬದಲು ಮೃತ್ಯುಪತ್ರ ಬರೆಯಲು ಬರುವುದಿಲ್ಲ. ಆಸ್ತಿ ಜಾಸ್ತಿ ಇದ್ದು ಮಕ್ಕಳೆಲ್ಲ ದೂರ ಇದ್ದರೆ, ಮೊದಲೇ ಖಾಸಗಿ ಟ್ರಸ್ಟ್ ಮಾಡಿಡುವ ದಾರಿಯೂ ಇದೆ. ಟ್ರಸ್ಟಿಗಳ ಅಧಿಕಾರ ಹಿರಿಯರ ಬುದ್ಧಿ ಕುಂದಿದರೂ ನಿಲ್ಲುವುದಿಲ್ಲ.

ಆಸ್ಪತ್ರೆಯ ಮಾತೇ ಬೇರೆ. ಹಣದ ಮುಖತ್ಯಾರ ಪತ್ರದಿಂದ ಚಿಕಿತ್ಸೆಯ ತೀರ್ಮಾನ ಮಾಡುವ ಅಧಿಕಾರ ತಾನಾಗಿ ಬರುವುದಿಲ್ಲ. ಮಾನಸಿಕ ಆರೋಗ್ಯದ ಚಿಕಿತ್ಸೆಗಾದರೆ 2017ರ ಕಾಯ್ದೆಯಂತೆ ಬಿಳಿ ಹಾಳೆಯ ಮೇಲೆ ಸಹಿ ಅಥವಾ ಹೆಬ್ಬೆಟ್ಟು ಹಾಕಿ ತಮ್ಮ ಪ್ರತಿನಿಧಿಯನ್ನು ನೇಮಿಸಿಕೊಳ್ಳಬಹುದು. ವಾಸಿಯಾಗದ ಕೊನೆಯ ಹಂತದಲ್ಲಿ ವೆಂಟಿಲೇಟರ್ ಬೇಕೇ ಬೇಡವೇ ಎಂಬುದನ್ನು ಮುಂಚಿತವಾಗಿ ಬರೆದಿಡಲು 2018ರಲ್ಲಿ ಸುಪ್ರೀಂ ಕೋರ್ಟ್ ಅವಕಾಶ ಕೊಟ್ಟಿತು. 2023ರಲ್ಲಿ ಆ ವಿಧಾನವನ್ನು ಸರಳ ಮಾಡಿತು. ಇಬ್ಬರು ಸಾಕ್ಷಿಗಳ ಜೊತೆ ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯ ಮುಂದೆ ಮಾಡಿದರೆ ಸಾಕು. ತಮ್ಮ ಪರವಾಗಿ ಮಾತಾಡುವವರ ಹೆಸರನ್ನೂ ಅದರಲ್ಲಿ ಬರೆಯಬಹುದು. ಕರ್ನಾಟಕ ಆರೋಗ್ಯ ಇಲಾಖೆ 2025ರ ಜನವರಿಯಲ್ಲಿ ಇದಕ್ಕೆ ಆದೇಶ ಹೊರಡಿಸಿದೆ. ಊಟದ ಹೊತ್ತಿಗೆ ಎತ್ತುವ ವಿಷಯವಲ್ಲ ಇದು, ನನಗೂ ಗೊತ್ತು. ಆದರೆ ಐಸಿಯು ಬಾಗಿಲ ಮುಂದೆ ನಿಂತು ಅಣ್ಣ-ತಂಗಿ ಜಗಳ ಆಡುವುದಕ್ಕಿಂತ ಮನೆಯ ಪಡಸಾಲೆಯಲ್ಲಿ ಕೂತು ಮಾತಾಡುವುದು ಒಳ್ಳೆಯದು.

ಕಾಲ ಮೀರಿದ್ದರೆ

ಬುದ್ಧಿ ಹೋದ ಮೇಲೆ ಏನು ದಾರಿ? ಇಲ್ಲಿ ಕಾನೂನು ನಿಜಕ್ಕೂ ಬಡವಾಗಿದೆ. 1987ರ ಮಾನಸಿಕ ಆರೋಗ್ಯ ಕಾಯ್ದೆಯಲ್ಲಿ ಜಿಲ್ಲಾ ಕೋರ್ಟು ಅಂಥವರ ಆಸ್ತಿ ನೋಡಿಕೊಳ್ಳಲು ವ್ಯವಸ್ಥಾಪಕರನ್ನು ನೇಮಿಸಬಹುದಿತ್ತು. 2017ರ ಕಾಯ್ದೆ ಬಂದು ಹಳೆಯದು ಹೋಯಿತು. ಹೊಸದರಲ್ಲಿ ಆಸ್ತಿ ನೋಡಿಕೊಳ್ಳುವ ಅಧ್ಯಾಯವೇ ಇಲ್ಲ. 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆ ಆಟಿಸಂ, ಸೆರೆಬ್ರಲ್ ಪಾಲ್ಸಿಯಂಥ ಕೆಲವೇ ಸ್ಥಿತಿಗಳಿಗೆ ಮೀಸಲು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಸೀಮಿತ ಪೋಷಕತ್ವ ಇದೆ, ಆದರೆ ಅದು ಜೊತೆಗೆ ಕೂತು ತೀರ್ಮಾನ ಮಾಡುವ ವ್ಯವಸ್ಥೆ. ಏನೂ ತಿಳಿಯದೆ ಮಲಗಿದವರಿಗೆ ಅದು ಎಟುಕುವುದಿಲ್ಲ.

ಹೀಗಾಗಿ ಜನ ಹೈಕೋರ್ಟಿಗೆ ಹೋಗುತ್ತಿದ್ದಾರೆ. ಸಂವಿಧಾನದ 226ನೇ ವಿಧಿಯಡಿ ರಿಟ್ ಹಾಕಿ, ಪೋಷಕರನ್ನಾಗಿ ನೇಮಿಸಿ ಎಂದು ಕೇಳುತ್ತಾರೆ. 2019ರಲ್ಲಿ ಕೇರಳ ಹೈಕೋರ್ಟ್ ಕೋಮಾದಲ್ಲಿರುವವರಿಗೆ ಪೋಷಕರನ್ನು ನೇಮಿಸುವಾಗ ಏನೇನು ನೋಡಬೇಕು ಎಂದು ಮಾರ್ಗಸೂಚಿ ಹಾಕಿಕೊಟ್ಟಿತು. ವೈದ್ಯಕೀಯ ತಂಡದ ವರದಿ, ಕಂದಾಯ ಅಧಿಕಾರಿಯ ವಿಚಾರಣೆ, ಆಮೇಲೆ ಲೆಕ್ಕಪತ್ರ ಒಪ್ಪಿಸುವುದು, ಹೀಗೆ. ಧಾರವಾಡ, ಗದಗ, ಹಾವೇರಿಯವರಿಗೆ ಒಂದು ಅನುಕೂಲ ಎಂದರೆ ಹೈಕೋರ್ಟಿನ ಪೀಠ ಧಾರವಾಡದಲ್ಲೇ ಇದೆ, 2013ರಿಂದ ಕಾಯಂ ಆಗಿ. ಬೆಂಗಳೂರಿಗೆ ಓಡುವುದು ತಪ್ಪುತ್ತದೆ. ಆದರೂ ಅಪ್ಪನ ಸ್ವಂತ ದುಡ್ಡನ್ನು ಅಪ್ಪನ ಔಷಧಿಗೆ ತೆಗೆಯಲು ಹೈಕೋರ್ಟಿನ ಮೆಟ್ಟಿಲು ಹತ್ತಬೇಕೇ? ವಕೀಲರ ಫೀಸು ಕೊಡಲಾಗದವರು ಏನು ಮಾಡಬೇಕು? ಬುದ್ಧಿ ಕುಂದಿದ ಮೇಲೂ ಬಾಳುವ ಮುಖತ್ಯಾರ ಪತ್ರ ನಮ್ಮ ದೇಶಕ್ಕೂ ಬೇಕು. ನೋಂದಣಿ ಕಡ್ಡಾಯ, ವರ್ಷಕ್ಕೊಮ್ಮೆ ಲೆಕ್ಕ, ದೂರು ಬಂದರೆ ತಾಲ್ಲೂಕು ಮಟ್ಟದಲ್ಲೇ ವಿಚಾರಣೆ. ಇಷ್ಟು ಕಾವಲಿಟ್ಟು ಸಂಸತ್ತು ಇದನ್ನು ತರಬೇಕು. ಜಿಲ್ಲಾ ಕೋರ್ಟಿಗೆ ಹಳೇ ಅಧಿಕಾರ ಮರಳಿ ಬರಬೇಕು.

ಕಾವಲು ಯಾಕೆ ಎಂದು ಹೇಳಬೇಕಾಗಿಲ್ಲ. ಪತ್ರ ಪಡೆದು ಹಿರಿಯರನ್ನೇ ಮನೆಯಿಂದ ಹೊರಗೆ ಹಾಕಿದ ಕಥೆ ಪ್ರತಿ ಓಣಿಯಲ್ಲೂ ಒಂದಾದರೂ ಇದೆ. ಹಿರಿಯರಿಗೆ ಬುದ್ಧಿ ಸರಿ ಇರುವವರೆಗೆ ಪತ್ರ ರದ್ದು ಮಾಡುವ ಹಕ್ಕು ಅವರದೇ. ರದ್ದತಿ ಪತ್ರ ಮಾಡಿಸಿ, ಮೂಲ ಪತ್ರ ನೋಂದಣಿಯಾಗಿದ್ದರೆ ಇದನ್ನೂ ಅದೇ ಕಚೇರಿಯಲ್ಲಿ ನೋಂದಾಯಿಸಿ, ಏಜೆಂಟನಿಗೂ ಬ್ಯಾಂಕಿಗೂ ಲಿಖಿತ ನೋಟಿಸ್ ಕೊಡಬೇಕು. ನೋಟಿಸ್ ಮುಟ್ಟುವವರೆಗೆ ಎದುರಿನವರ ಮಟ್ಟಿಗೆ ಹಳೇ ಪತ್ರ ನಡೆಯುತ್ತಿರುತ್ತದೆ. ನೋಡಿಕೊಳ್ಳುತ್ತೇನೆ ಎಂಬ ಷರತ್ತಿನ ಮೇಲೆ ಆಸ್ತಿ ಬರೆಸಿಕೊಂಡು ಕೈಬಿಟ್ಟಿದ್ದರೆ, 2007ರ ಹಿರಿಯ ನಾಗರಿಕರ ಕಾಯ್ದೆಯ 23ನೇ ಕಲಮಿನಡಿ ಉಪವಿಭಾಗಾಧಿಕಾರಿಗಳ ನ್ಯಾಯಮಂಡಳಿಗೆ ಅರ್ಜಿ ಹಾಕಿ, ಆಸ್ತಿ ಬರೆದುಕೊಟ್ಟ ಆ ಪತ್ರವನ್ನೇ ರದ್ದು ಮಾಡಿಸಬಹುದು. ಇಂಥ ಪ್ರಕರಣದಲ್ಲಿ ಮನೆಯ ಕಬ್ಜಾ ವಾಪಸ್ ಕೊಡಿಸುವ ಅಧಿಕಾರವೂ ನ್ಯಾಯಮಂಡಳಿಗಿದೆ ಎಂದು 2025ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಆಸ್ತಿ ಬರೆಯುವಾಗ 'ನನ್ನನ್ನು ನೋಡಿಕೊಳ್ಳಬೇಕು' ಎಂಬ ಷರತ್ತನ್ನು ಬಿಡದೆ ಬರೆಸಿ. ಸಲಹೆಗೆ, ದೂರಿಗೆ 14567 ಹಿರಿಯರ ಸಹಾಯವಾಣಿ ಇದೆ, ಕರೆ ಉಚಿತ.

ಅಪ್ಪನ ವಿಷಯದಲ್ಲಿ ನಾವು ತಡ ಮಾಡಿದೆವು. ಅವ್ವನ ವಿಷಯದಲ್ಲಿ ಮಾಡಬಾರದು ಎಂದು ಕಳೆದ ದೀಪಾವಳಿಗೆ ಮಕ್ಕಳೆಲ್ಲ ಸೇರಿದಾಗ ಮಾತು ತೆಗೆದೆವು. "ಈಗ್ಯಾಕ ಅದೆಲ್ಲಾ, ನಾ ಇನ್ನೂ ಗಟ್ಟಿ ಅದೀನಿ" ಅಂದಳು. ಗಟ್ಟಿ ಇರುವಾಗಲೇ ಮಾಡಬೇಕು ಎಂದು ತಿಳಿಸಿ ಹೇಳಿದೆ. ಅಪ್ಪ ಅಲ್ಲೇ ಕುರ್ಚಿಯಲ್ಲಿ ಕೂತು ಪೇಪರಿನ ಅಂಚಿನಲ್ಲಿ ಏನೋ ಗೀಚುತ್ತಿದ್ದರು. ಅವ್ವ ಅವರನ್ನು ಸ್ವಲ್ಪ ಹೊತ್ತು ನೋಡಿದಳು. ಆಮೇಲೆ, "ಆತು, ಬರೀರಿ" ಅಂದಳು.

ಯಾರ ಹೆಸರಿಗೆ ಅವ್ವಾ ಅಂತ ಕೇಳಿದೆ. ಜೊತೆಗಿರುವವನು ನಾನು. ನನ್ನ ಹೆಸರೇ ಬರುತ್ತದೆ ಅಂದುಕೊಂಡಿದ್ದೆ. ಅವಳು ಗದಗಿನಲ್ಲಿರುವ ನನ್ನ ತಂಗಿಯ ಹೆಸರು ಹೇಳಿದಳು. "ನೀ ಮನಿ ನೋಡ್ಕೋ. ರೊಕ್ಕದ ಲೆಕ್ಕ ಅಕಿ ಇಡ್ಲಿ. ಅಕಿ ಪೈಸಾ ಪೈಸಾ ಬರದಿಡ್ತಾಳ."

ಪತ್ರ ತಂಗಿಯ ಹೆಸರಿಗೇ ಆಯಿತು. ಐದೇ ಅಧಿಕಾರ, ಎರಡೇ ಪುಟ, ಕನ್ನಡದಲ್ಲಿ. ಮೊದಲ ಸಾಕ್ಷಿಯಾಗಿ ಪಕ್ಕದ ಮನೆಯ ನಿವೃತ್ತ ಮಾಸ್ತರರು ಸಹಿ ಹಾಕಿದರು, ಎರಡನೆಯದಾಗಿ ನಾನು ಹಾಕಿದೆ.